ಇ. ಆಲರ್‌ಶಾ ಯಾರು?

ಪುರಸಭಾ ಗ್ರಂಥಾಲಯ
ವಿದನ್‌ಕ್ಲಫ್, ಲ್ಯಾಂಕಶೈರ್
14 ಫೆಬ್ರವರಿ 1978

ಮಾನ್ಯ ಎಜ್ರಾ ಆಲರ್‌ಶಾ ಅವರಿಗೆ,

ನಿಮ್ಮ ಅಂಗಡಿಗೆ ಎರಡು ಸಲ ಬಂದೆ. ಮೊದಲ ಸಲ 'ಮುಚ್ಚಿದೆ' ಎಂದು ನೀವೇ ಹೇಳಿದಿರಿ. ಎರಡನೇ ಸಲ ಬಾಗಿಲಿಗೆ ನೇತುಹಾಕಿದ ಹಲಗೆ ಹೇಳಿತು. ಹಾಗಾಗಿ ಈ ಕಾಗದ.

ನಾನು ಗ್ವೆನ್ ಪ್ರಾಬರ್ಟ್, ಕಳೆದ ಅಕ್ಟೋಬರಿನಲ್ಲಿ ಇಲ್ಲಿನ ಗ್ರಂಥಾಲಯಕ್ಕೆ ಬಂದವಳು, ವೇಲ್ಸ್ ಕಡೆಯವಳು. ಈ ಊರಿನ ಗೋರಿಗಲ್ಲುಗಳಲ್ಲಿ ಮೂರಕ್ಕೊಂದರ ಮೇಲೆ ಆಲರ್‌ಶಾ ಎಂದಿದೆ. ಗುಡ್ಡ ದಾಟಿ ಆಚೆ ಕಣಿವೆಗೆ ಹೋದರೆ ಒಂದೂ ಇಲ್ಲ. ನಮ್ಮ ಕಡೆ ಮನೆಹೆಸರಿನಲ್ಲಿ ಹುಡುಕುವಂಥದ್ದೇನಿರುವುದಿಲ್ಲ. ಪ್ರಾಬರ್ಟ್ ಎಂದರೆ ರಾಬರ್ಟನ ಮಗ, ಅಲ್ಲಿಗೆ ಮುಗಿಯಿತು. ನಿಮ್ಮದು ಹಾಗಲ್ಲ. 'ಆಲರ್' ಎಂದರೆ ಬೂಟಿನ ಅಟ್ಟೆಗೆ ನೀವು ಕಡೆಯುವ ಅದೇ ಮರ, 'ಶಾ' ಎಂದರೆ ತೋಪು. ಒಂದು ತೋಪಿನಿಂದ ಇಷ್ಟು ಜನ ಹೇಗೆ ಹೊರಟರು ಎಂಬ ಕುತೂಹಲಕ್ಕೆ ಬಿದ್ದು, ಈ ಹೆಸರಿನ ಗಣ್ಯರ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಮಾಡುತ್ತಿದ್ದೇನೆ.

ಇದುವರೆಗೆ ಹನ್ನೊಂದು ಮಂದಿ ಸಿಕ್ಕಿದ್ದಾರೆ. ಹುಲ್ಲಿನ ಗಾಡಿಯ ಮೇಲೆ ನಿಂತು ಬೋಧಿಸಿ ಇಬ್ಬರು ಪಾದ್ರಿಗಳಿಗೆ ಊರು ಬಿಡಿಸಿದ ಟ್ಯಾಬಿತಾ. ಒಂದೇ ಮಧ್ಯಾಹ್ನ ಒಂಬತ್ತು ವಿಕೆಟ್ ಕಿತ್ತು, ಆಮೇಲೆ ಜೀವಮಾನದಲ್ಲಿ ಹತ್ತನೆಯದನ್ನು ಕಾಣದ ಸೆಪ್ಟಿಮಸ್. ಕುರಿ ಕದ್ದು ಆಸ್ಟ್ರೇಲಿಯಾಕ್ಕೆ ಗಡಿಪಾರಾಗಿ ಅಲ್ಲಿ ನ್ಯಾಯಾಧೀಶನಾದ ರೂಬೆನ್. ಇಂಥವರೆಲ್ಲ ಇದ್ದಾರೆ. ತೊಡಕಿರುವುದು ಒಂಬತ್ತನೆಯವರಲ್ಲಿ. ಇ. ಆಲರ್‌ಶಾ: 1937ರಲ್ಲಿ ಈ ಕಣಿವೆಯಲ್ಲಿ ಜಗತ್ತಿಗೇ ಹೊಸದಾದ ಒಂದು ಹಾವಸೆಯನ್ನು ಕಂಡುಹಿಡಿದವರು. ಅದಕ್ಕೆ ಇಂದಿಗೂ ಆಲರ್‌ಶಾ ಹಾವಸೆ ಎಂದೇ ಹೆಸರು. ಇವರು ಮರದಟ್ಟೆಯ ಬೂಟು ಮಾಡುವವರೆಂದು ಒಂದು ಕಡೆ ಬರೆದಿದೆ, ಅಬರ್ಡೀನಿನಲ್ಲಿ ಉಪನ್ಯಾಸಕರೆಂದು ಇನ್ನೊಂದು ಕಡೆ. ಎರಡೂ ಒಬ್ಬರೇ ಆಗಿದ್ದರೆ ಬಹಳ ಸಂತೋಷ. ಅದು ನೀವೇ?

ವಿಶ್ವಾಸದಿಂದ,
ಗ್ವೆನ್ ಪ್ರಾಬರ್ಟ್


ಬೂಟಿನಂಗಡಿ, ಬ್ಯಾಕ್ ಲೇನ್
20 ಫೆಬ್ರವರಿ

ಮಿಸ್ ಪ್ರಾಬರ್ಟ್,

ಬೂಟು ಮಾಡುವವನು ನಾನು. ಹಾವಸೆ ಕಂಡುಹಿಡಿದವನೂ ನಾನೇ. ಅಬರ್ಡೀನಿನಲ್ಲಿ ಇರುವವನು ಕಳ್ಳ. ಪುಸ್ತಿಕೆಗೆ ಈ ಮೂರು ವಾಕ್ಯ ಸಾಕು.

ಇಲ್ಲಿಗೇ ಸಹಿ ಹಾಕುವವನಿದ್ದೆ. ನನ್ನ ತಂಗಿ ಯೂನಿಸ್ ಹೆಗಲ ಮೇಲಿಂದ ಬಗ್ಗಿ ಓದಿದಳು. ಮನೆಯಲ್ಲಿ ನಾವಿಬ್ಬರೇ, ಅವಳಿಗೆ ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. "ಆ ಹುಡುಗಿ ಮರ್ಯಾದೆಯಿಂದ ಕೇಳಿದಾಳೆ, ನೀನೂ ಮರ್ಯಾದೆಯಿಂದ ಬರಿ. ಅವಳೇನು ನಿನ್ನ ಹಾವಸೆ ಕದ್ದಿದಾಳಾ?" ಎಂದಳು. ಸರಿ, ಬರೆಯುತ್ತೇನೆ.

ಎಲ್ಕನಾ ಆಲರ್‌ಶಾ ನನಗೆ ರಕ್ತಸಂಬಂಧಿಯಲ್ಲ. ನಾವು ಗುಡ್ಡದ ಕಡೆಯ ಆಲರ್‌ಶಾಗಳು, ಅವರು ಹೊಳೆಯ ಕಡೆಯವರು. ಒಂದೇ ತರಗತಿ, ಒಂದೇ ಬೆಂಚು, ಬರೆಯುವಾಗ ಹೆಸರಿನ ಮೊದಲಕ್ಷರವೂ ಒಂದೇ, ಇಂಗ್ಲಿಷಿನ 'ಇ' (E). ಮಾಸ್ತರರು 'ಮೇಲಿನ ಇ', 'ಕೆಳಗಿನ ಇ' ಎಂದು ಕರೆಯುತ್ತಿದ್ದರು. ಆಮೇಲೆ ಅವನು ಮ್ಯಾಂಚೆಸ್ಟರಿನ ಕಾಲೇಜಿಗೆ ಹೋದ, ನಾನು ಅಪ್ಪನ ಅಂಗಡಿಗೆ ಕೂತೆ. ಆದರೂ ಭಾನುವಾರ ತಪ್ಪದೆ ಇಬ್ಬರೂ ಗುಡ್ಡ ಹತ್ತುತ್ತಿದ್ದೆವು. ಆಗ ಪಬ್ಬಿನ ಹಿಂಗೋಣೆಯಲ್ಲಿ ಸಸ್ಯಕೂಟ ಸೇರುತ್ತಿತ್ತು. ನೇಕಾರರು, ಗಣಿಯವರು, ನಾವು. ಲ್ಯಾಟಿನ್ ಹೆಸರು ತಪ್ಪಾಗಿ ಹೇಳಿದವನು ಎಲ್ಲರಿಗೂ ಬಿಯರ್ ಕೊಡಿಸಬೇಕು. ತಂದ ಹಾವಸೆಯನ್ನೆಲ್ಲ ಕಾಗದದ ಪೊಟ್ಟಣ ಕಟ್ಟಿ ಒಂದೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆವು. ಯೂನಿಯ ಅಕ್ಷರ ಚೆಂದ, ಪೊಟ್ಟಣದ ಚೀಟಿ ಅವಳೇ ಬರೆಯುತ್ತಿದ್ದಳು. ಯಾರು ತಂದರೂ 'ಇ. ಆಲರ್‌ಶಾ'. ಜೋಡಿ ಬೂಟಿನಲ್ಲಿ ನಡೆದದ್ದು ಎಡಗಾಲಿನದೋ ಬಲಗಾಲಿನದೋ ಎಂದು ಯಾರು ಕೇಳುತ್ತಾರೆ?

1938ರಲ್ಲಿ ಡಬ್ಬಿಯನ್ನು ಮ್ಯಾಂಚೆಸ್ಟರಿನ ಸಂಗ್ರಹಾಲಯವೊಂದಕ್ಕೆ ಕಳಿಸಿದೆವು. ಇದರಲ್ಲೊಂದು ಪೊಟ್ಟಣ ಯಾರೂ ಕಂಡಿರದ ಜಾತಿ ಎಂದು ಉತ್ತರ ಬಂತು. ವಿಳಾಸ 'ಶ್ರೀ ಇ. ಆಲರ್‌ಶಾ'. ಅಂಚೆಯವನು ಹೊಳೆಯ ಕಡೆಯ ಮನೆಗೆ ಕೊಟ್ಟ. ಎಲ್ಕನಾ ನನಗೊಂದು ಮಾತೂ ಹೇಳದೆ, ತನಗೇ ಸಿಕ್ಕಿದ್ದೆಂದು ಬರೆದು ಕಳಿಸಿದ. ನನಗೆ ಗೊತ್ತಾದದ್ದು ಪೇಪರಿನಲ್ಲಿ ಓದಿ. ಹ್ಯಾಗ್ ಜಲಪಾತದ ಹಿಂದೆ, ನೀರು ಬೂಟಿನೊಳಗೆ ಇಳಿಯುತ್ತಿರುವಾಗ, ನನ್ನ ಈ ಉಗುರಿನಿಂದ ಕೆರೆದು ತೆಗೆದ ಹಾವಸೆ ಅದು. ಚಾಪೆಲ್ ಮೆಟ್ಟಿಲ ಮೇಲೆ, ಎಲ್ಲರೂ ಕೇಳುವ ಹಾಗೆ ಅವನನ್ನು ಕಳ್ಳ ಎಂದೆ. ಅದೇ ಹಾವಸೆಯನ್ನು ಏಣಿ ಮಾಡಿಕೊಂಡು ಅವನು ಉತ್ತರಕ್ಕೆ ಹತ್ತಿಹೋದ. ನಲವತ್ತು ವರ್ಷವಾಯಿತು.

ಎಜ್ರಾ ಆಲರ್‌ಶಾ


ಅಬರ್ಡೀನ್
6 ಮಾರ್ಚ್

ಪ್ರಿಯ ಮಿಸ್ ಪ್ರಾಬರ್ಟ್,

ತಮ್ಮ ಪತ್ರ ತಲುಪಿತು. ಎಜ್ರಾ ನನ್ನ ಬಗ್ಗೆ ಏನು ಬರೆದಿರಬಹುದೆಂದು ತಾವು ತಿಳಿಸಿಲ್ಲ. ತಿಳಿಸುವ ಅಗತ್ಯವೂ ಇಲ್ಲ. ಊರಿಡೀ ಕೇಳಿದ ಮಾತು.

ಹಾವಸೆ ಸಿಕ್ಕಿದ್ದು ನನಗೆ. ಹಳೆಯ ಕಲ್ಲುಗಣಿಯ ಉತ್ತರದ ಗೋಡೆಯಲ್ಲಿ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅದರ ಬಣ್ಣ ಬೇರೆಯಾಗಿ ಕಂಡಿತು. ಇದನ್ನು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಸಂಗ್ರಹಾಲಯದ ಪತ್ರವನ್ನು ಎಜ್ರಾಗೆ ತೋರಿಸದೆ ಉತ್ತರಿಸಿದ್ದು ಮಾತ್ರ ತಪ್ಪು. ಇಪ್ಪತ್ಮೂರರ ಹುಡುಗನಿಗೆ ಅಂಥ ಲಕೋಟೆ ಬಂದರೆ ಕಾಲು ನೆಲದ ಮೇಲಿರುವುದಿಲ್ಲ. ಕ್ಷಮೆ ಕೇಳಬೇಕೆಂದು ಹೊರಟವನನ್ನು ಚಾಪೆಲ್ ಮೆಟ್ಟಿಲ ಮೇಲೆ ಕಳ್ಳ ಎಂದ. ಆಮೇಲೆ ಕೇಳಲಾಗಲಿಲ್ಲ.

ತಮ್ಮ ಪುಸ್ತಿಕೆಗೆ ಸಂಬಂಧವಿಲ್ಲದ ಒಂದು ಪ್ರಶ್ನೆ. ಅವನ ತಂಗಿ ಈಗಲೂ ಅದೇ ಮನೆಯಲ್ಲಿದ್ದಾಳೆಯೇ? ಆರೋಗ್ಯವಾಗಿದ್ದಾಳೆಯೇ? ಉತ್ತರಿಸಲು ತೊಂದರೆಯಾದರೆ ಬಿಟ್ಟುಬಿಡಿ.

ತಮ್ಮ ವಿಶ್ವಾಸಿ,
ಎಲ್ಕನಾ ಆಲರ್‌ಶಾ


ಪುರಸಭಾ ಗ್ರಂಥಾಲಯ
3 ಏಪ್ರಿಲ್

ಮಾನ್ಯ ಎಜ್ರಾ ಅವರಿಗೆ,

ಇದರ ಪ್ರತಿಯನ್ನು ಅಬರ್ಡೀನಿಗೂ ಕಳಿಸಿದ್ದೇನೆ. ಬೈಯುವುದಿದ್ದರೆ ಅಂಗಡಿಗೆ ಬಂದಾಗ ಬೈಯಿರಿ.

ಒಬ್ಬರು ಜಲಪಾತ ಎನ್ನುತ್ತೀರಿ, ಒಬ್ಬರು ಕಲ್ಲುಗಣಿ ಎನ್ನುತ್ತೀರಿ. ಪೊಟ್ಟಣ ಏನು ಹೇಳುತ್ತದೆಂದು ನೋಡೋಣವೆಂದು ಶುಕ್ರವಾರ ಮ್ಯಾಂಚೆಸ್ಟರಿಗೆ ಹೋದೆ. ಅದನ್ನು ಬಿಡಿಸಿ ಮುಂದಿಟ್ಟರು. ನಲವತ್ತೊಂದು ವರ್ಷ ಒಣಗಿ ಚಹಾದ ಕಣದ ಹಾಗಾಗಿದ್ದರೂ ಹಾವಸೆ ಇನ್ನೂ ಹೊಳೆಯುತ್ತಿತ್ತು. ಚೀಟಿಯನ್ನು ಇದ್ದ ಹಾಗೇ ನಕಲು ಮಾಡಿಕೊಂಡೆ: 'ಇ. ಆಲರ್‌ಶಾ. 12 ಏಪ್ರಿಲ್ 1937. ಮೇಲಂಗಳದ ತಣ್ಣೀರು ಬಾವಿ, ಒಳಗಲ್ಲು.'

ಜಲಪಾತವೂ ಅಲ್ಲ, ಗಣಿಯೂ ಅಲ್ಲ! ಹಳೆಯ ಪಂಚಾಂಗ ತೆಗೆದು ನೋಡಿದೆ. ಅವತ್ತು ಭಾನುವಾರವಲ್ಲ, ಸೋಮವಾರ. ನೀವು ಅಂಗಡಿಯಲ್ಲಿದ್ದಿರಿ, ಅವರು ಕಾಲೇಜಿನಲ್ಲಿದ್ದರು. ಈ ಬಾವಿ ಎಲ್ಲಿದೆ?

ಕುತೂಹಲದಿಂದ,
ಗ್ವೆನ್ ಪ್ರಾಬರ್ಟ್


ಬ್ಯಾಕ್ ಲೇನ್
7 ಏಪ್ರಿಲ್

ಮಿಸ್ ಪ್ರಾಬರ್ಟ್,

ಅಂಥ ಬಾವಿ ನನಗೆ ಗೊತ್ತಿಲ್ಲ. ಸೋಮವಾರದ ಮಾತಿಗೆ ಉತ್ತರ ಸುಲಭ: ನಾವು ಭಾನುವಾರ ತಂದದ್ದಕ್ಕೆ ಯೂನಿ ಸೋಮವಾರ ಚೀಟಿ ಬರೆಯುತ್ತಿದ್ದಳು.

ಹೀಗೆಂದು ಬರೆದು ಮುಗಿಸಿದ ಮೇಲೆ ಒಂದು ನೆನಪಾಯಿತು. ಆ ವಸಂತದಲ್ಲಿ ಯೂನಿ ಊರಲ್ಲೇ ಇರಲಿಲ್ಲ. ಸೌತ್‌ಪೋರ್ಟಿನಲ್ಲಿ ನಮ್ಮ ಚಿಕ್ಕಮ್ಮ ಸಮುದ್ರಕ್ಕೆ ಬರುವವರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದಳು. ಅವಳಿಗೆ ಸಹಾಯವಾಗಲೆಂದು ಎರಡು ಮೂರು ತಿಂಗಳು ಹೋಗಿದ್ದಳು. ಈಸ್ಟರಿಗೂ ಬರಲಿಲ್ಲ. ಹಾಗಾದರೆ ಚೀಟಿ ಬರೆದವರು ಯಾರು?

ಚಹಾದ ಹೊತ್ತಿಗೆ ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿ ಅವಳನ್ನೇ ಕೇಳಿದೆ. "ನಂಗೇನು ಗೊತ್ತು" ಎಂದು ಕೆಟಲ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಮ್ಮ ನಲ್ಲಿ ಇರುವುದು ಒಳಗೆ.

ಇ. ಆಲರ್‌ಶಾ


ಪುರಸಭಾ ಗ್ರಂಥಾಲಯ
2 ಮೇ

ಪ್ರಿಯ ಮಿಸ್ ಯೂನಿಸ್ ಆಲರ್‌ಶಾ,

ಇದನ್ನು ಕಾರ್ಖಾನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಮನೆಗಲ್ಲ.

ಹಳೆಯ ಭೂಪಟಗಳನ್ನೆಲ್ಲ ಹರಡಿಕೊಂಡು ಕೂತಿದ್ದೆ. ಈ ಸುತ್ತಿನಲ್ಲಿ 'ತಣ್ಣೀರು ಬಾವಿ' ಎಂದು ಗುರುತು ಹಾಕಿರುವುದು ಒಂದೇ ಕಡೆ, ಹೈಬೆಂಟ್ ಗುಡ್ಡದ ಮೇಲೆ, ಎತ್ತರದ ಗೋಡೆಯೊಳಗೆ. ಆ ಕಟ್ಟಡ ಯಾವುದೆಂದು ತಿಳಿದುಕೊಂಡೆ. ಅಲ್ಲಿಗೆ ಗಂಡಸರನ್ನು ಬಿಡುತ್ತಿರಲಿಲ್ಲವೆಂಬುದೂ ತಿಳಿಯಿತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ನೀವು ಬೇಡವೆಂದರೆ ಒಂಬತ್ತನೆಯ ಜಾಗವನ್ನು ಖಾಲಿ ಬಿಡುತ್ತೇನೆ.

ಒಂದೇ ಒಂದು ಪ್ರಶ್ನೆ. ನಿಮ್ಮ ಹೆಸರನ್ನು ಬರೆಯುವಾಗ ಮೊದಲಕ್ಷರ ಯಾವುದು?

ನಿಮ್ಮ,
ಗ್ವೆನ್ ಪ್ರಾಬರ್ಟ್


ಬ್ಯಾಕ್ ಲೇನ್
19 ಜೂನ್

ಪ್ರಿಯ ಗ್ವೆನ್,

ಉತ್ತರಿಸಲು ಏಳು ವಾರ ಹಿಡಿಯಿತು. ನಲವತ್ತೊಂದು ವರ್ಷದ ಮುಂದೆ ಅದೇನು ಮಹಾ.

ಕೂಗುವಾಗ 'ಯೂ', ಬರೆಯುವಾಗ 'ಇ'. ಇದನ್ನು ಕೇಳಿದವಳು ನೀನೇ ಮೊದಲು.

1937ರ ಜನವರಿಯಲ್ಲಿ ಗಿರಣಿಯಲ್ಲಿ ಕೆಮ್ಮಿದಾಗ ಕರವಸ್ತ್ರದಲ್ಲಿ ಕೆಂಪು ಕಂಡಿತು. ಅಮ್ಮ ನನ್ನನ್ನು ನಮ್ಮ ಡಾಕ್ಟರ ಬಳಿ ಕರೆದೊಯ್ಯಲಿಲ್ಲ, ಗುಡ್ಡದಾಚೆಯವರ ಬಳಿ ಕರೆದೊಯ್ದಳು. ಕ್ಷಯ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಆ ಮನೆಯ ಬೂಟು ಯಾರು ಕೊಳ್ಳುತ್ತಾರೆ, ಆ ಮನೆಯ ಹುಡುಗಿಯನ್ನು ಯಾರು ಕೇಳುತ್ತಾರೆ? ಊರಿಗೆ ಸೌತ್‌ಪೋರ್ಟ್ ಎಂದರು. ಎಜ್ರಾಗೂ ಅದನ್ನೇ ಹೇಳಿದರು. ಅವನ ಹೊಟ್ಟೆಯಲ್ಲಿರುವುದೆಲ್ಲ ಮುಖದಲ್ಲಿ ಬರೆದಿರುತ್ತದೆ. ನಾನು ಬರೆದ ಕಾರ್ಡುಗಳನ್ನು ಚಿಕ್ಕಮ್ಮ ಅಲ್ಲಿಂದ ಅಂಚೆಗೆ ಹಾಕುತ್ತಿದ್ದಳು.

ಹೈಬೆಂಟ್ ಆರೋಗ್ಯಧಾಮದಲ್ಲಿ ನಮ್ಮ ಮಂಚಗಳು ತೆರೆದ ಪಡಸಾಲೆಯಲ್ಲಿದ್ದವು. ಬೆಳಗ್ಗೆ ಎದ್ದರೆ ಕಂಬಳಿಯ ಮೇಲೆ ಹಿಮ. ಮಾತಾಡಬಾರದು, ನಗಬಾರದು, ನಲವತ್ತು ಹೆಜ್ಜೆಗಿಂತ ಹೆಚ್ಚು ನಡೆಯಬಾರದು. ನನ್ನ ಮಂಚದಿಂದ ಬಾವಿಗೆ ಮೂವತ್ತೆಂಟು ಹೆಜ್ಜೆ. ಕಟ್ಟೆಯ ಮೇಲೆ ಬೋರಲು ಮಲಗಿ ಒಳಗಲ್ಲುಗಳನ್ನು ನೋಡುತ್ತಿದ್ದೆ. ಒಂದು ದಿನ ದೊಡ್ಡ ನರ್ಸು ಬಂದು, "ಏನೇ ಅದು? ಬಾವಿಗೆ ಬೀಳೋ ಯೋಚನೇನಾ?" ಎಂದಳು.

"ಇಲ್ಲ ಸಿಸ್ಟರ್. ಇದರ ಹೆಸರು ಗೊತ್ತಾಗ್ತಿಲ್ಲ."

"ಹಾವಸೆ ಕಣೇ. ಅದಕ್ಕೇನು ನಾಮಕರಣ ಆಗ್ಬೇಕಾ? ಏಳು."

ಮೂರು ವರ್ಷ ಆ ಇಬ್ಬರು ತಂದದ್ದಕ್ಕೆಲ್ಲ ಚೀಟಿ ಬರೆದವಳು ನಾನು, ಅವರ ಲ್ಯಾಟಿನ್ ತಿದ್ದಿದವಳೂ ನಾನು. ಕಣಿವೆಯ ಯಾವ ಹಾವಸೆಯಾದರೂ ನನಗೆ ಮುಖಪರಿಚಯವಿತ್ತು. ಇದರ ಪರಿಚಯವಿರಲಿಲ್ಲ. ಎಲೆಯ ತುದಿ ಕೊಂಡಿಯ ಹಾಗೆ ಬಾಗಿತ್ತು. ಒಂದು ಚಿಟಿಕೆ ತೆಗೆದು, ಚೀಟಿ ಬರೆದು ಇಟ್ಟುಕೊಂಡೆ. ಮನೆಗೆ ಬಂದ ಮೇಲೆ ಡಬ್ಬಿಗೆ ಸೇರಿಸಿದೆ.

ಮರುವರ್ಷ ಗಲಾಟೆ ಎದ್ದಾಗ ಹೇಳಲು ಬಾಯಿ ತೆರೆದೆ. ಅಮ್ಮ ತೋಳು ಹಿಡಿದಳು. "ಎಲ್ಲಿ ಸಿಕ್ತು ಅಂತ ಹೇಳಿದ್ರೆ, ಯಾಕೆ ಹೋಗಿದ್ದೆ ಅಂತಾನೂ ಹೇಳ್ಬೇಕಾಗ್ತದೆ." ಅಮ್ಮ ತೀರಿಕೊಂಡದ್ದು 1951ರಲ್ಲಿ. ಅಷ್ಟರಲ್ಲಿ ಎಜ್ರಾ ಆ ಜಲಪಾತದ ಕಥೆಯನ್ನು ಎಷ್ಟು ಸಲ ಹೇಳಿದ್ದನೆಂದರೆ, ಹೇಳುವಾಗ ಬೂಟಿನ ನೀರು ಹೋಗಲೆಂಬಂತೆ ಕಾಲು ಒದರುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಗ್ವೆನ್. ಅವನಿಗೆ ನಿಜವಾಗಿಯೂ ಹಾಗೇ ನೆನಪಿತ್ತು. ಮತ್ತೆ, ಯಾರಾದರೂ ಕೇಳಲಿ ಎಂದು ನಾನೂ ಹಠ ಹಿಡಿದಿದ್ದೆ. ಒಂದೇ ಮೇಜಿನ ಮುಂದೆ ಕೂತು ಚೀಟಿ ಬರೆದವಳನ್ನು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಎಲ್ಕನಾಗೆ ಹೇಳಬಹುದಿತ್ತು. ಅಬರ್ಡೀನಿಗೆ ಹೊರಡುವ ದಿನ ಹಿತ್ತಲ ಬಾಗಿಲ ಹೊರಗೆ ನಿಂತು ಶಿಳ್ಳೆ ಹಾಕಿದ. ನಾನು ಹೋಗಲಿಲ್ಲ.

ಇವತ್ತು ಬೆಳಗ್ಗೆ ಓಟ್ಸ್ ಗಂಜಿ ಬಡಿಸುತ್ತ ಎಜ್ರಾಗೆ ಎಲ್ಲ ಹೇಳಿದೆ. ಅವನು ಚಮಚ ಕೆಳಗಿಟ್ಟ. ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಈಗ ನಾಲ್ಕು ಗಂಟೆ, ಇನ್ನೂ ಸುತ್ತಿಗೆಯ ಸದ್ದಿಲ್ಲ.

ಯೂನಿಸ್


ಬ್ಯಾಕ್ ಲೇನ್
25 ಜುಲೈ

ಎಲ್ಕನಾ,

ನೀನು ಕಳ್ಳನಲ್ಲ. ಹಾಗೆಂದು ನಿನ್ನನ್ನಾಗಲಿ ನನ್ನನ್ನಾಗಲಿ ಪೂರ್ತಿ ಬಿಟ್ಟುಬಿಡಲೂ ಬರುವುದಿಲ್ಲ. ಇಬ್ಬರೂ ಒಂದೇ ಮನೆಯಿಂದ ಕದ್ದಿದ್ದೇವೆ. ಮಿಸ್ ಪ್ರಾಬರ್ಟ್‌ಗೆ ಯೂನಿ ಬರೆದದ್ದರ ನಕಲನ್ನು ಅವಳ ಒಪ್ಪಿಗೆ ಕೇಳಿ ಇದರೊಂದಿಗೆ ಇಟ್ಟಿದ್ದೇನೆ. ಒಂದು ಸಾಲನ್ನು ಬಿಟ್ಟು ಬರೆಯುತ್ತೇನೆಂದಳು. ಯಾವ ಸಾಲೆಂದು ನನಗೆ ತಿಳಿಯದು.

ಚಾಪೆಲ್ ಮೆಟ್ಟಿಲ ಮೇಲೆ ಆಡಿದ ಮಾತನ್ನು ವಾಪಸು ಪಡೆದಿದ್ದೇನೆ. ಕೇಳಿಸಿಕೊಂಡವರಲ್ಲಿ ಈಗ ಉಳಿದಿರುವುದು ನಾನೂ ನೀನೂ ಮಾತ್ರ. ಅದರಿಂದ ಬೆಲೆ ಕಡಿಮೆಯಾದರೆ ಕ್ಷಮಿಸು.

ಉತ್ತರ ಬರೆಯುವುದಿದ್ದರೆ ಅವಳಿಗೆ ಬರಿ, ನನಗೆ ಬೇಡ.

ಎಜ್ರಾ


ಅಬರ್ಡೀನ್
21 ಆಗಸ್ಟ್

ಪ್ರಿಯ ಯೂನಿ,

ಆ ಚೀಟಿಯ ಛಾಯಾಚಿತ್ರ ನನ್ನ ಕೋಣೆಯ ಗೋಡೆಯ ಮೇಲೆ ಮೂವತ್ತು ವರ್ಷ ಇತ್ತು. ದಿನಾ ನೋಡುತ್ತಿದ್ದೆ. 'ಮೇಲಂಗಳದ ತಣ್ಣೀರು ಬಾವಿ' ಎಂಬುದನ್ನು ಬರೆದವರ ಕೈತಪ್ಪು ಎಂದುಕೊಂಡೆ. ಬರೆದವಳು ಎಂದೂ ಕೈತಪ್ಪಿದವಳಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ. ನಾನು ಸುಳ್ಳು ಹೇಳಿದೆನೋ, ಮರೆತೆನೋ ಎಂದು ಮೂರು ವಾರದಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಎರಡರ ನಡುವೆ ಎಲ್ಲೋ ಇದೆ, ಅದು ನನಗೆ ಗೌರವ ತರುವಂಥದ್ದಲ್ಲ.

ತಿದ್ದುಪಡಿ ಕೋರಿ ಸಂಗ್ರಹಾಲಯಕ್ಕೆ ಬರೆದಿದ್ದೇನೆ. ಸೆಪ್ಟೆಂಬರ್ ಒಂಬತ್ತರ ಶನಿವಾರ ಬರುತ್ತೇನೆ. ಈ ಸಲ ಶಿಳ್ಳೆ ಹಾಕುವುದಿಲ್ಲ, ಮುಂಬಾಗಿಲು ಬಡಿಯುತ್ತೇನೆ. ತೆರೆಯಲೇಬೇಕೆಂದಿಲ್ಲ.

ಎಲ್ಕನಾ


ಬ್ಯಾಕ್ ಲೇನ್
11 ಸೆಪ್ಟೆಂಬರ್

ಪ್ರಿಯ ಗ್ವೆನ್,

ಬಾಗಿಲು ತೆರೆದವನು ಎಜ್ರಾ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನಲವತ್ತು ವರ್ಷದ ಮೇಲೆ ಇಬ್ಬರೂ ಆಡಿದ ಮೊದಲ ಮಾತು ಕೇಳು.

"ಕೂದ್ಲೆಲ್ಲ ಎಲ್ಲೋಯ್ತೋ?" ಎಂದ ಎಜ್ರಾ.

"ನಿನ್ನ ಹಲ್ಲು ಹೋದ ಕಡೆಗೇ."

ಅಲ್ಲಿಂದ ಮುಂದೆ ಮಾತಿಗೆ ಬರವಿರಲಿಲ್ಲ. ಆಲೂಗಡ್ಡೆ ಕಡುಬು ತಿನ್ನುವಾಗಲೂ ವಾದ, ಹೈಬೆಂಟಿಗೆ ಹೋಗುವ ಬಸ್ಸಿನಲ್ಲೂ ವಾದ. ಜಲಪಾತ ದೊಡ್ಡ ಸುಳ್ಳೋ ಕಲ್ಲುಗಣಿ ದೊಡ್ಡ ಸುಳ್ಳೋ ಎಂದು ಈಗ ಜಗಳ. ಕಂಡಕ್ಟರ್ ನನ್ನನ್ನು ನೋಡಿ, "ಇವರಿಬ್ರೂ ನಿಮ್ಮೋರೇನಮ್ಮಾ?" ಎಂದು ಕೇಳಿದ. "ಒಬ್ಬ ಅಣ್ಣ" ಎಂದೆ.

ಹೈಬೆಂಟಿನ ಮಾಡು ಹಾರಿಹೋಗಿದೆ. ನಮ್ಮ ಪಡಸಾಲೆಯಲ್ಲಿ ಕುರಿಗಳು ಮಲಗಿದ್ದವು. ಬಾವಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ಅರವತ್ತು ದಾಟಿದ ಇಬ್ಬರೂ ಗಂಡಸರು ಕೋಟು ಕಳಚಿ ಕಟ್ಟೆಯ ಮೇಲೆ ಬೋರಲು ಮಲಗಿದರು. ಎಲ್ಕನಾ ಬಹಳ ಹೊತ್ತು ಹುಡುಕಿ, ಕಾಣದೆ ಎದ್ದು, ತನ್ನ ಭೂತಗನ್ನಡಿಯನ್ನು ನನ್ನ ಕೈಗಿಟ್ಟ. ಉತ್ತರದ ಕಡೆ, ಮೂರನೇ ಕಲ್ಲಿನಲ್ಲಿ ಇತ್ತು. ಅಂಗೈಯಗಲ. ಎಲೆಯ ತುದಿಯ ಕೊಂಡಿಯಲ್ಲಿ ನೀರಿನ ಹನಿ.

ನಾನು ತಲೆಯೆತ್ತಿದಾಗ ಎಜ್ರಾ ಅಲ್ಲಿರಲಿಲ್ಲ. ಪಡಸಾಲೆಗೆ ಹೋಗಿ ನಿಂತಿದ್ದ. ಕುರಿಯ ಹಿಕ್ಕೆಯ ನಡುವಿನಿಂದ ಬಾವಿಯವರೆಗೆ ಒಂದೊಂದೇ ಹೆಜ್ಜೆ ಎಣಿಸಿಕೊಂಡು ಬಂದ.

"ಎಷ್ಟು ವಾರ ಇದ್ದೆ ಇಲ್ಲಿ?"

"ಹನ್ನೊಂದು."

"ಸೌತ್‌ಪೋರ್ಟಿಗೆ ಕಾರ್ಡು ಬರೆದಿದ್ದೆ ನಾನು. ಸಮುದ್ರದ ಗಾಳಿ ಕುಡ್ಕೊಂಡು ಮಜಾ ಮಾಡ್ತಿದೀಯ, ಇಲ್ಲಿ ಚೀಟಿ ಬರೆಯೋರಿಲ್ಲ ಅಂತ."

"ತಲುಪಿತ್ತು. ದಿಂಬಿನ ಕೆಳಗೆ ಇಟ್ಕೊಂಡಿದ್ದೆ."

ಅವನು ಬೂಟಿನ ತುದಿಯಿಂದ ಹುಲ್ಲು ಕೆದಕಿದ. ಇನ್ನೇನು ಹಾವಸೆಯ ಬಗ್ಗೆ ಕೇಳುತ್ತಾನೆ ಎಂದುಕೊಂಡೆ.

"ಹೆದರಿಕೆ ಆಗಿತ್ತೇನೇ ಯೂನಿ?"

ಗ್ವೆನ್, ಹಾವಸೆಯ ಪ್ರಶ್ನೆಗೆ ನಲವತ್ತು ವರ್ಷದಿಂದ ಉತ್ತರ ಸಿದ್ಧವಾಗಿತ್ತು. ಇದಕ್ಕಿರಲಿಲ್ಲ.

"ಆಗಿತ್ತು," ಎಂದೆ. "ಭಾನುವಾರ ಪಕ್ಕದ ಮಂಚದ ಹುಡುಗಿ ಹೋದ್ಲು. ಸೋಮವಾರ ಬೆಳಗ್ಗೆ ಅವಳ ಹಾಸಿಗೆ ಸುತ್ತಿಟ್ಟಿದ್ರು, ಯಾರೂ ಇರ್ಲೇ ಇಲ್ಲ ಅನ್ನೋ ಹಾಗೆ. ನಾನೂ ಹೋದ್ರೆ ಸೌತ್‌ಪೋರ್ಟಲ್ಲಿ ಸತ್ಲು ಅಂತೀರಿ ನೀವೆಲ್ಲ. ನಾನಿದ್ದದ್ದು ಇಲ್ಲಿ. ಯಾವುದಾದ್ರೂ ಒಂದರ ಮೇಲೆ ನನ್ನ ಹೆಸರು, ಈ ಜಾಗ, ಈ ದಿನ ಬರೆದಿಡೋಣ ಅನ್ನಿಸ್ತು. ಅಷ್ಟೇ ಕಣೋ. ಹೊಸ ಜಾತಿ ಅಂತೆಲ್ಲ ಗೊತ್ತಿರ್ಲಿಲ್ಲ."

ಎಜ್ರಾ ತನ್ನ ಕೋಟು ಎತ್ತಿ ನನ್ನ ಹೆಗಲಿಗೆ ಹಾಕಿದ. ಬಿಸಿಲಿತ್ತು, ಚಳಿಯೇನೂ ಇರಲಿಲ್ಲ. ನಾನು ಬೇಡವೆನ್ನಲಿಲ್ಲ.

ನಿನ್ನ ಪುಸ್ತಿಕೆಯ ಒಂಬತ್ತನೇ ಜಾಗಕ್ಕೆ ನನ್ನ ಹೆಸರನ್ನು ಪೂರ್ತಿ ಬರೆ. ಬರೀ ಮೊದಲಕ್ಷರ ಬೇಡ. ಊರು, ವರ್ಷ, ಹೈಬೆಂಟ್, ಕ್ಷಯ, ಎಲ್ಲವನ್ನೂ ಬರೆ.

ಇನ್ನೊಂದು ಕೇಳಿಕೆ. ಪಕ್ಕದ ಮಂಚದವಳ ಹೆಸರು ಹನ್ನಾ ಟ್ಯಾಟರ್ಸಲ್, ಹತ್ತೊಂಬತ್ತು ವರ್ಷ, ನೂಲುವ ಕೆಲಸದವಳು. ನಗಬಾರದೆಂಬ ನಿಯಮವಿದ್ದಲ್ಲಿ ನನ್ನನ್ನು ದಿನಾ ನಗಿಸಿ ಬೈಸಿಕೊಳ್ಳುತ್ತಿದ್ದಳು. ಅವಳು ಆಲರ್‌ಶಾ ಅಲ್ಲ, ಏನನ್ನೂ ಕಂಡುಹಿಡಿಯಲಿಲ್ಲ, ನಿನ್ನ ಪುಸ್ತಿಕೆಗೆ ಯಾವ ರೀತಿಯಲ್ಲೂ ಸೇರುವವಳಲ್ಲ. ಅವಳನ್ನೂ ಸೇರಿಸು.

ನಿನ್ನ,
ಯೂನಿಸ್ ಆಲರ್‌ಶಾ